ಕಮಾನು ಗಾಡಿ ವೇಷದ ಕ್ಯಾಂಪಿಂಗ್ ಟ್ರೇಲರ್: ದೋಷ ಕಂಡಾಗ ಎಲ್ಲಿಂದ ಹುಡುಕಬೇಕು

ಹಳೇ ಕಾಲದ ಉಡುಪು ತೊಟ್ಟು, ಆ ಕಾಲದ ಡೇರೆ ಹಾಕಿ, ಆ ಕಾಲದ ಅಡುಗೆ ಮಾಡಿ ತೋರಿಸುವ ಇತಿಹಾಸ ಮರುಸೃಷ್ಟಿ ಕೂಟಕ್ಕೆ ಹೋಗಬೇಕೆಂದರೆ ಸಾಮಾನು ಜಾಸ್ತಿ. ಹಂಡೆ, ಕೊಳಗ, ಡೇರೆ ಕಂಬ, ಗುರಾಣಿ, ಉಡುಪಿನ ಪೆಟ್ಟಿಗೆ ಯಾವುದೂ ಕಾರಿನ ಡಿಕ್ಕಿಯಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಮನೆಯಲ್ಲೇ ಒಂದು ಟ್ರೇಲರ್ ಕಟ್ಟಿ, ಮೇಲೆ ಬಿದಿರಿನ ಕಮಾನು ಕೂರಿಸಿ, ಕ್ಯಾನ್ವಾಸ್ ಹೊದಿಸಿ, ನೋಡಲು ಹಳೇ ಮೈಸೂರು ಸೀಮೆಯ ಕಮಾನು ಗಾಡಿಯಂತೆ ಮಾಡಿಕೊಳ್ಳುವುದು ಒಳ್ಳೆಯ ದಾರಿ. ನೀವು 1791ರ ಬೆಂಗಳೂರು ಮುತ್ತಿಗೆಯ ಕಾಲ ತೋರಿಸುವವರಾಗಲಿ, 1824ರ ಕಿತ್ತೂರಿನ ಕಾಲ ತೋರಿಸುವವರಾಗಲಿ, ಗಾಡಿ ಮಾತ್ರ ಇಂದಿನ ಹೆದ್ದಾರಿಯ ಮೇಲೆ ಇಂದಿನ ವೇಗದಲ್ಲಿ ಓಡಬೇಕು.

ತೊಂದರೆ ಶುರುವಾಗುವುದು ಅಲ್ಲೇ. ಕಬ್ಬಿಣದ ಚಕ್ರ ಕಾಣಬಾರದು ಅಂತ ಮರದ ಅರೆಗಳ (ಚಕ್ರದ ಕಡ್ಡಿಗಳ) ಮುಚ್ಚಳ ಹಾಕುತ್ತೇವೆ. ವೆಲ್ಡಿಂಗ್ ಕಾಣಬಾರದು ಅಂತ ಹಲಗೆ ಹೊಡೆಯುತ್ತೇವೆ. ವೈರು ಕಾಣಬಾರದು ಅಂತ ಹಗ್ಗ ಸುತ್ತುತ್ತೇವೆ. ಆಮೇಲೆ ನಟ್ ಸಡಿಲವಾದರೂ ಕಾಣುವುದಿಲ್ಲ, ಕಬ್ಬಿಣ ಸೀಳಿದರೂ ಕಾಣುವುದಿಲ್ಲ. ಯಾವ ದೋಷಕ್ಕೇ ಆಗಲಿ, ಮೊದಲ ಕೆಲಸ ವೇಷ ಬಿಚ್ಚುವುದು. ಮುಚ್ಚಳ, ಹಲಗೆ, ಹಗ್ಗ ಎಲ್ಲವೂ ಎರಡು ಸ್ಕ್ರೂ ತೆಗೆದರೆ ಕೈಗೆ ಬರುವಂತಿರಬೇಕು. ಈಗ ಮೊಳೆ ಹೊಡೆದು ಕೂರಿಸಿದ್ದರೆ, ಮುಂದೆ ಓದುವ ಮುಂಚೆ ಅದನ್ನು ಸ್ಕ್ರೂಗೆ ಬದಲಿಸಿ.

ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನ ಅಂತಲೇ ಎಣಿಸುತ್ತದೆ. ನೋಂದಣಿಯ ವಿಚಾರವನ್ನು ಆರ್‌ಟಿಒ ಕಚೇರಿಯಲ್ಲಿ ಕಬ್ಬಿಣ ಕತ್ತರಿಸುವ ಮುಂಚೆಯೇ ಕೇಳಿಕೊಳ್ಳಿ. ಗಾಡಿ ಓಡುವಾಗ ಒಳಗೆ ಯಾರೂ ಕೂರಬಾರದು, ಮಕ್ಕಳಂತೂ ಬೇಡವೇ ಬೇಡ.

ಓಡುವಾಗ ಗಾಡಿ ಬಾಲ ಅಲ್ಲಾಡಿಸುತ್ತದೆ

ಊರೊಳಗೆ ಸರಿಯಾಗಿಯೇ ಬರುತ್ತದೆ. ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ವೇಗ ಏರಿದ ಮೇಲೆ, ಪಕ್ಕದಲ್ಲಿ ಒಂದು ಬಸ್ಸು ಹಾದು ಹೋದರೆ ಸಾಕು, ಹಿಂದಿನ ಗಾಡಿ ಎಡಕ್ಕೆ ಬಲಕ್ಕೆ ಓಲಾಡಲು ಶುರು ಮಾಡುತ್ತದೆ. ಸ್ಟೀರಿಂಗ್‌ನಲ್ಲೂ ಅದು ಗೊತ್ತಾಗುತ್ತದೆ.

ಆ ಕ್ಷಣಕ್ಕೆ ಏನು ಮಾಡಬೇಕು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ. ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಅಲ್ಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಲೂ ಬೇಡಿ, ವೇಗ ಹೆಚ್ಚಿಸಿ ನೇರ ಮಾಡಿಕೊಳ್ಳುವ ಪ್ರಯತ್ನವೂ ಬೇಡ. ವೇಗ ತಾನಾಗಿ ಇಳಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ.

ಈಗ ಕಾರಣ. ದುಡ್ಡು ಖರ್ಚಿಲ್ಲದ್ದನ್ನು ಮೊದಲು ನೋಡೋಣ: ಸಾಮಾನು ಎಲ್ಲಿದೆ? ಭಾರ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಹಿಂದೆ ಕೂತರೆ ಗಾಡಿಯ ಮೂತಿ ಹಗುರಾಗುತ್ತದೆ, ಬಾಲ ಅಲ್ಲಾಡುತ್ತದೆ. ಗಾಡಿಯ ಒಟ್ಟು ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಕಾರಿನ ಟೋ ಬಾಲ್ (ಗಾಡಿ ಸಿಕ್ಕಿಸುವ ಕಬ್ಬಿಣದ ಗುಂಡು) ಮೇಲೆ ಒತ್ತಬೇಕು. 500 ಕೆ.ಜಿ. ಗಾಡಿಗೆ 50 ಕೆ.ಜಿ., ಬೇಕಾದರೆ ಸ್ವಲ್ಪ ಜಾಸ್ತಿ. ಕಾರಿನ ಟೋ ಬಾರ್ ಎಷ್ಟು ಭಾರ ತಡೆಯುತ್ತದೆ ಅನ್ನುವುದು ಅದರ ಮೇಲೇ ಬರೆದಿರುತ್ತದೆ, ಇಲ್ಲವೇ ಕಾರಿನ ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಬಾರದು.

ಅಳೆಯುವುದು ಸುಲಭ. ಮನೆಯಲ್ಲಿ ಮೈತೂಕ ನೋಡುವ ಯಂತ್ರ ತನ್ನಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಅದರ ಮೇಲೆ ಮೂಕಿಯ (ಗಾಡಿಯಿಂದ ಮುಂದಕ್ಕೆ ಚಾಚಿದ ಕಂಬದ) ಮೂತಿಯಲ್ಲಿರುವ, ಟೋ ಬಾಲ್ ಮೇಲೆ ಕೂರುವ ಕಪ್ಲರ್ ಇಳಿಸಿ. ಎತ್ತರ ಕಾರಿಗೆ ಕಟ್ಟಿದಾಗ ಇರುವಷ್ಟೇ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಭಾರ ಯಂತ್ರದ ಮಿತಿ ಮೀರುವಂತಿದ್ದರೆ ಮೂರಡಿ ಹಲಗೆ ತೆಗೆದುಕೊಳ್ಳಿ. ಒಂದು ತುದಿ ಇಟ್ಟಿಗೆ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ. ಇಟ್ಟಿಗೆಯಿಂದ ಒಂದಡಿ ದೂರದಲ್ಲಿ ಕಪ್ಲರ್ ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಹಲಗೆಯ ತೂಕ ಕಳೆಯಲು, ಗಾಡಿ ಇಳಿಸುವ ಮುಂಚೆ ಯಂತ್ರವನ್ನು ಸೊನ್ನೆಗೆ ತನ್ನಿ.

ಸಾಮಾನು ಸರಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಅಂತ ನೋಡಿ. ಆಕ್ಸಲ್‌ನಿಂದ ಕಪ್ಲರ್‌ಗೆ ಎರಡೂವರೆ ಮೀಟರ್ ಇದೆ ಅಂದುಕೊಳ್ಳಿ. ತುಂಬಿದ 60 ಕೆ.ಜಿ. ಪಾತ್ರೆ ಪೆಟ್ಟಿಗೆ ಆಕ್ಸಲ್‌ಗಿಂತ ಒಂದು ಮೀಟರ್ ಹಿಂದೆ ಇದ್ದರೆ ಮೂತಿಯ ಭಾರದಲ್ಲಿ 24 ಕೆ.ಜಿ. ಕಡಿಮೆ ಮಾಡುತ್ತದೆ. ಅದನ್ನೇ ಆಕ್ಸಲ್‌ಗಿಂತ ಅರ್ಧ ಮೀಟರ್ ಮುಂದೆ ಇಟ್ಟರೆ 12 ಕೆ.ಜಿ. ಸೇರಿಸುತ್ತದೆ. ಒಂದೇ ಪೆಟ್ಟಿಗೆ, 36 ಕೆ.ಜಿ. ವ್ಯತ್ಯಾಸ! ಎಷ್ಟೋ ಗಾಡಿಗಳ ಅಲ್ಲಾಟ ಇಷ್ಟಕ್ಕೇ ನಿಲ್ಲುತ್ತದೆ. ಅರ್ಧ ತುಂಬಿದ ನೀರಿನ ಡ್ರಮ್ ಕೂಡ ಬೇಡ. ನೀರು ತುಳುಕಿ ತುಳುಕಿ ಅಲ್ಲಾಟವನ್ನು ಬೆಳೆಸುತ್ತದೆ. ಕೂಟದ ಜಾಗದಲ್ಲಿ ನೀರು ಸಿಗುವುದಾದರೆ ಡ್ರಮ್ ಖಾಲಿಯೇ ಒಯ್ಯಿರಿ.

ಸಾಮಾನು ಸರಿಸಿದರೂ ಮೂತಿ ಹಗುರಾಗಿಯೇ ಇದ್ದರೆ ದೋಷ ವಿನ್ಯಾಸದಲ್ಲಿದೆ. ಎತ್ತಿನ ಗಾಡಿಯ ಅಳತೆಯನ್ನು ಹಾಗೇ ಇಳಿಸಿದವರಿಗೆ ಈ ತೊಂದರೆ ಖಂಡಿತ. ಎತ್ತಿನ ಗಾಡಿಯಲ್ಲಿ ಅಚ್ಚು ಹೆಚ್ಚುಕಡಿಮೆ ನಡುಮಧ್ಯೆ ಇರುತ್ತದೆ, ಭಾರ ಅದರ ಮೇಲೆ ತೂಗುತ್ತದೆ. ಹಾಗಿರಲೇಬೇಕು, ಇಲ್ಲದಿದ್ದರೆ ಭಾರವೆಲ್ಲ ನೊಗದ ಮೂಲಕ ಎತ್ತಿನ ಹೆಗಲಿಗೆ ಬೀಳುತ್ತದೆ. ಎತ್ತಿನ ನಡಿಗೆಯ ವೇಗಕ್ಕೆ ಅದು ಬಹಳ ಚೆನ್ನಾದ ಲೆಕ್ಕ. ಕಾರಿನ ವೇಗಕ್ಕೆ ಅದೇ ಲೆಕ್ಕ ಅಪಾಯ. ಕಾರಿನ ಗಾಡಿಯಲ್ಲಿ ಪೆಟ್ಟಿಗೆಯ ಉದ್ದದ ಸುಮಾರು ಶೇ. 60 ಭಾಗ ಆಕ್ಸಲ್‌ನ ಮುಂದೆ ಇರಬೇಕು. ಅಂದರೆ ಆಕ್ಸಲ್ ಅನ್ನು ಹಿಂದಕ್ಕೆ ಸರಿಸಬೇಕು. ಇದು ಫ್ಯಾಬ್ರಿಕೇಟರ್ ಕೆಲಸ. ಪೀಣ್ಯದ ಕಡೆ ಟ್ರೇಲರ್, ಲಾರಿ ಚಾಸಿ ಕೆಲಸ ಮಾಡಿದವರ ಹತ್ತಿರವೇ ಹೋಗಿ. ಗೇಟು ಗ್ರಿಲ್ ಮಾಡುವವರಿಗೆ ಇದನ್ನು ಕೊಡಬೇಡಿ.

ಇನ್ನೆರಡು ತಪಾಸಣೆ. ಟೈರ್ ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ. ಒಂದು ಕಡೆ ಕಡಿಮೆ ಇದ್ದರೂ ಗಾಡಿ ಎಳೆದಾಡುತ್ತದೆ. ಆಮೇಲೆ ಅಳತೆ ಟೇಪ್ ಹಿಡಿದು, ಕಪ್ಲರ್‌ನ ನಡುವಿನಿಂದ ಎಡ ಹಬ್‌ನ (ಚಕ್ರದ ಗುಂಬದ) ನಡುವಿಗೆ, ಬಲ ಹಬ್‌ನ ನಡುವಿಗೆ ಅಳೆಯಿರಿ. ಎರಡೂ ಸಮ ಇರಬೇಕು. ಐದಾರು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಆಕ್ಸಲ್ ಓರೆಯಾಗಿ ಕೂತಿದೆ. ಆಕ್ಸಲ್ ಅನ್ನು ಲೀಫ್ ಸ್ಪ್ರಿಂಗ್‌ಗೆ ಹಿಡಿದಿಡುವ ಯು-ಬೋಲ್ಟ್ ಸಡಿಲವಾಗಿದ್ದರೆ ಅದನ್ನು ಬಿಗಿ ಮಾಡಿದಾಗಲೇ ಸರಿ ಹೋಗಬಹುದು.

ಒಟ್ಟು ತೂಕ ಗೊತ್ತಿಲ್ಲದೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ಪೀಣ್ಯ, ಯಶವಂತಪುರದ ಕಡೆ ಲಾರಿ ತೂಗುವ ವೇಬ್ರಿಡ್ಜ್‌ಗಳಿವೆ. ಕೂಟಕ್ಕೆ ಹೊರಡುವ ಪೂರ್ತಿ ಸಾಮಾನು ತುಂಬಿಕೊಂಡು ಹೋಗಿ ತೂಗಿಸಿ ಬನ್ನಿ.

ಕಾರು ಮತ್ತು ಗಾಡಿ ಸೇರುವ ಕಡೆ ಟಕ್ ಟಕ್ ಸದ್ದು

ಹಂಪ್ ಏರಿ ಇಳಿದಾಗ ಒಂದು ಟಕ್. ಬ್ರೇಕ್ ಹಾಕಿದಾಗ ಇನ್ನೊಂದು ಟಕ್, ಹಿಂದಿನಿಂದ ಯಾರೋ ತಳ್ಳಿದಂತೆ. ಕೆಲವರು ಇದಕ್ಕೆ ಗ್ರೀಸ್ ಬಳಿದು ಸುಮ್ಮನಾಗುತ್ತಾರೆ. ಹಾಗೆ ಬಿಡುವ ಸದ್ದಲ್ಲ ಇದು.

ಮೊದಲು ಟೋ ಬಾಲ್‌ನ ಅಳತೆ ನೋಡಿ. ಬಾಲ್‌ನ ನೆತ್ತಿಯ ಮೇಲೋ ಕತ್ತಿನ ಮೇಲೋ ಕೊರೆದಿರುತ್ತದೆ. ಕಪ್ಲರ್ ಮೇಲೂ ಇರುತ್ತದೆ. ಎರಡೂ ಒಂದೇ ಆಗಿರಬೇಕು. 50 ಮಿ.ಮೀ. ಒಂದು ಅಳತೆ, ಎರಡಿಂಚು ಅಂದರೆ 50.8 ಮಿ.ಮೀ. ಬೇರೆ ಅಳತೆ, ಒಂದೂ ಮುಕ್ಕಾಲು ಚಿಲ್ಲರೆ ಇಂಚಿನ 47.6 ಮಿ.ಮೀ. ಮತ್ತೊಂದು. ಗುಜರಿಯಲ್ಲಿ ಬಾಲ್ ಒಂದು ಕಡೆ, ಕಪ್ಲರ್ ಇನ್ನೊಂದು ಕಡೆ ಕೊಂಡವರಿಗೆ ಈ ಬೆರಕೆ ಸಾಮಾನ್ಯ. ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ಲರ್ ಕೂತಂತೆಯೇ ಕಾಣುತ್ತದೆ, ಗುಂಡಿ ಹಾರಿಸಿದಾಗ ಎಗರಿ ಬರುತ್ತದೆ.

ಅಳತೆ ಸರಿ ಇದ್ದರೆ ಎತ್ತಿ ನೋಡುವ ಪರೀಕ್ಷೆ ಮಾಡಿ. ಕಪ್ಲರ್ ಲಾಕ್ ಹಾಕಿ. ಗಾಡಿಯ ಮುಂದಿನ ಜಾಕ್ ತಿರುಗಿಸಿ ಮೂಕಿಯನ್ನು ಮೇಲೆತ್ತಿ. ಕಾರಿನ ಹಿಂಭಾಗವೂ ಜೊತೆಗೆ ಎರಡು ಮೂರು ಇಂಚು ಏಳಬೇಕು. ಕಪ್ಲರ್ ಬಿಟ್ಟುಕೊಂಡರೆ ಲಾಕ್ ಸವೆದಿದೆ, ಬದಲಿಸದೆ ಗಾಡಿ ಹೊರಡಿಸಬೇಡಿ. ಜೆ.ಸಿ. ರಸ್ತೆ, ಕಲಾಸಿಪಾಳ್ಯದಲ್ಲಿ ವಿಚಾರಿಸಿದರೆ ಹೊಸ ಕಪ್ಲರ್ ಹುಡುಕಿಕೊಡುತ್ತಾರೆ. ಇದೊಂದನ್ನು ಮಾತ್ರ ಹಳೆಯದು ಕೊಳ್ಳಬೇಡಿ.

ಸೇಫ್ಟಿ ಚೈನ್ ಎರಡು ಇರಬೇಕು. ಕಪ್ಲರ್ ಕೆಳಗೆ ಒಂದಕ್ಕೊಂದು ಅಡ್ಡ ಹಾಯ್ದು ಕಾರಿಗೆ ಸೇರಬೇಕು. ಕಪ್ಲರ್ ಬಿಟ್ಟರೆ ಮೂಕಿ ನೆಲಕ್ಕೆ ನಾಟದೆ ಆ ಚೈನಿನ ತೊಟ್ಟಿಲಲ್ಲಿ ನಿಲ್ಲುತ್ತದೆ. ಹಳೇ ಕಾಲದ ನೋಟಕ್ಕೆ ಅಂತ ಸೆಣಬಿನ ಹಗ್ಗ ಕಟ್ಟಿ ಚೈನ್ ಬಿಡುವುದು ಬೇಡ. ಚೈನ್ ಮೇಲೇ ಹಗ್ಗ ಸುತ್ತಿ, ನೋಟವೂ ಉಳಿಯುತ್ತದೆ.

ಬಾಲ್, ಲಾಕ್ ಎರಡೂ ಸರಿಯಿದ್ದು ಬ್ರೇಕ್ ಹಾಕಿದಾಗ ಹಿಂದಿನಿಂದ ತಳ್ಳಿದಂತಾದರೆ ಗಾಡಿ ಕಾರಿಗೆ ಭಾರವಾಗಿದೆ. ಕಾರಿನ ಕೈಪಿಡಿಯಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ ಎಷ್ಟು ಮಿತಿ ಅಂತ ನೋಡಿ, ಸಾಮಾನು ಇಳಿಸಿ. ಇಳಿಜಾರಿನಲ್ಲಿ ಕಡಿಮೆ ಗೇರ್‌ನಲ್ಲೇ ಇಳಿಯಿರಿ. ಕಾರಿನ ಬ್ರೇಕ್ ಕಾದು ವಾಸನೆ ಬಂದರೆ ನಿಲ್ಲಿಸಿ, ಪೂರ್ತಿ ಆರುವ ತನಕ ಮುಂದೆ ಹೋಗಬೇಡಿ.

ಚಕ್ರದ ಹತ್ತಿರ ಗರಗರ ಸದ್ದು, ಬಿಸಿ, ಸುಟ್ಟ ವಾಸನೆ

ಕಾರಿನೊಳಗೆ ಕೂತವರಿಗೆ ಹಿಂದಿನ ಗಾಡಿಯ ಸದ್ದು ಕೇಳಿಸುವುದಿಲ್ಲ. ಪಕ್ಕದ ಬೈಕಿನವರು ಕೈ ಮಾಡಿ ತೋರಿಸಿದ ಮೇಲೆ ಗೊತ್ತಾಗುತ್ತದೆ. ಅಷ್ಟು ಹೊತ್ತು ಕಾಯಬೇಡಿ. ಹೊರಟ ಹದಿನೈದು ಇಪ್ಪತ್ತು ಕಿ.ಮೀ.ಗೆ ಒಮ್ಮೆ ನಿಲ್ಲಿಸಿ, ಮರದ ಮುಚ್ಚಳ ತೆಗೆದು, ಹಬ್‌ಗೆ ಹಿಂಗೈ ತಾಗಿಸಿ ನೋಡಿ. ಅಂಗೈ ಬೇಡ, ಸುಟ್ಟುಕೊಂಡರೆ ಆಮೇಲೆ ಸ್ಟೀರಿಂಗ್ ಹಿಡಿಯಬೇಕಲ್ವಾ. ಎರಡೂ ಹಬ್ ಒಂದೇ ತರಹ ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಕಡೆಯ ಬೇರಿಂಗ್ ಹೋಗುತ್ತಿದೆ. ಎರಡು ಹನಿ ನೀರು ಹಾಕಿದಾಗ ಚುರ್ ಅಂದರೆ ಅಲ್ಲೇ ನಿಲ್ಲಿಸಿ. ಅಲ್ಲಿಂದ ಗಾಡಿ ಹೋಗಬೇಕಾದ್ದು ಟೋಯಿಂಗ್ ವಾಹನದ ಮೇಲೆ.

ಮನೆಯಲ್ಲಿ ಪರೀಕ್ಷೆ ಹೀಗೆ: ಗಾಡಿಯನ್ನು ಕಾರಿಗೆ ಕಟ್ಟಿದ ಹಾಗೇ ಇಟ್ಟು, ಎದುರು ಚಕ್ರಕ್ಕೆ ಕಲ್ಲು ಕೊಟ್ಟು, ಒಂದು ಚಕ್ರ ಜಾಕ್‌ನಲ್ಲಿ ಎತ್ತಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲುಗಿಸಿ. ಕಟಕಟ ಅಂದರೆ ಬೇರಿಂಗ್ ಸಡಿಲ. ಮೆಲ್ಲಗೆ ತಿರುಗಿಸಿ ಕಿವಿ ಕೊಡಿ. ಮರಳು ಅರೆದಂತೆ ಕೇಳಿಸಿದರೆ ಒಳಗೆ ಸವೆದಿದೆ.

ಸಡಿಲ ಮಾತ್ರ ಇದ್ದರೆ ಹಬ್ ಕ್ಯಾಪ್ ಬಿಚ್ಚಿ ಗ್ರೀಸ್ ನೋಡಿ. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ನಿಂತ ಮಳೆ ನೀರಿನ ಅಂಡರ್‌ಪಾಸ್ ದಾಟಿದ ಗಾಡಿಗಳಿಗೆ ಹೀಗಾಗುವುದು ಜಾಸ್ತಿ. ಬಿಸಿ ಹಬ್ ಒಮ್ಮೆಲೇ ತಣ್ಣೀರಿಗೆ ಇಳಿದರೆ ಸೀಲ್‌ನ ಸಂದಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇರಿಂಗ್ ಪೂರ್ತಿ ತೊಳೆದು, ಒರೆಸಿ, ಹೊಸ ಗ್ರೀಸ್ ತುಂಬಿ, ಸೀಲ್ ಬದಲಿಸಿ. ರೋಲರ್‌ಗಳು ನೀಲಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಕಾದು ಹೋಗಿವೆ. ಆಗ ಬೇರಿಂಗ್ ಜೊತೆಗೆ ಅದು ಕೂರುವ ಹೊರ ಬಳೆಯನ್ನೂ ಬದಲಿಸಬೇಕು. ಬರೀ ಒಂದನ್ನು ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ.

ಟೇಪರ್ ಬೇರಿಂಗ್ (ರೋಲರ್‌ಗಳು ಓರೆಯಾಗಿ ಕೂತದ್ದು) ಆದರೆ ಚಕ್ರ ತಿರುಗಿಸುತ್ತಾ ನಟ್ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೇ ನಿಲ್ಲಿಸಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ. ಜೋರಾಗಿ ಬಿಗಿದರೆ ಒಳ್ಳೆಯದು ಅನ್ನುವ ಭಾವನೆ ಇಲ್ಲಿ ಕೆಲಸಕ್ಕೆ ಬಾರದು. ಬಿಗಿದ ಬೇರಿಂಗೇ ಮೊದಲು ಕಾಯುವುದು.

ಮರದ ಮುಚ್ಚಳಕ್ಕೂ ಇಲ್ಲಿ ಪಾತ್ರವಿದೆ. ಪೂರ್ತಿ ಮುಚ್ಚಿದ ಹಲಗೆ ಚಕ್ರ ಹಬ್‌ಗೆ ಗಾಳಿ ಬಿಡುವುದಿಲ್ಲ. ಅರೆಗಳ ನಡುವೆ ಬಯಲು ಬಿಡಿ, ವೀಲ್ ನಟ್‌ಗಳು ಹೊರಗಿನಿಂದಲೇ ಕಾಣಲಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50 ಕಿ.ಮೀ. ಓಡಿಸಿ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಮತ್ತೊಮ್ಮೆ ಬಿಗಿ ಮಾಡಿ. ನಿಜವಾದ ಮರದ ಚಕ್ರ, ಕಬ್ಬಿಣದ ಪಟ್ಟಿ ಹಾಕಿದ್ದು, ಕೂಟದ ಜಾಗಕ್ಕೆ ಹೋದ ಮೇಲೆ ಒರಗಿಸಿ ನಿಲ್ಲಿಸಲು ಮಾತ್ರ. ಡಾಂಬರಿನ ಮೇಲೆ ಕಾರಿನ ವೇಗಕ್ಕೆ ಅದನ್ನು ಓಡಿಸಬಾರದು.

ಟೈರ್ ಒಂದು ಕಡೆ ಸವೆಯುತ್ತದೆ

ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡು ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಆಕ್ಸಲ್ ಬಾಗಿದೆ ಅಥವಾ ಓರೆಯಾಗಿದೆ. ಬಾಗಿದ ಆಕ್ಸಲ್ ಅನ್ನು ಕಾಯಿಸಿ ನೇರ ಮಾಡಿಸಬೇಡಿ, ಬದಲಿಸಿ.

ಟೈರ್‌ನ ಪಕ್ಕದಲ್ಲಿ ಅಳತೆ ಆದ ಮೇಲೆ ಒಂದು ಸಂಖ್ಯೆ ಇರುತ್ತದೆ. ಅದು ಭಾರದ ಸೂಚಿ. 74 ಅಂತಿದ್ದರೆ ಆ ಟೈರ್ 375 ಕೆ.ಜಿ. ಹೊರುತ್ತದೆ, ಎರಡು ಸೇರಿ 750. ಹಾಗೇ ನಾಲ್ಕು ಅಂಕಿಯ ತಯಾರಿಕೆ ಗುರುತು ಹುಡುಕಿ. 2318 ಅಂದರೆ 2018ರ 23ನೇ ವಾರದ ಟೈರ್. ಗಾಡಿ ವರ್ಷದಲ್ಲಿ ಜಾಸ್ತಿ ಹೊತ್ತು ನಿಂತೇ ಇರುವುದರಿಂದ ಹೂವು (ಟೈರ್ ಮೇಲಿನ ಗೀರುಗಳ ಅಚ್ಚು) ಹಾಗೇ ಉಳಿದಿರುತ್ತದೆ, ರಬ್ಬರ್ ಮಾತ್ರ ಬಿರಿದಿರುತ್ತದೆ. ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡರೆ ಹೂವು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ತೆಗೆಸಿ.

ಮೂಕಿಯ ಬುಡದಲ್ಲಿ ತುಕ್ಕಿನ ಗೆರೆ

ಬಣ್ಣ ಹೊಡೆದ ಕಬ್ಬಿಣದ ಮೇಲೆ ಒಂದು ಕಡೆ ಮಾತ್ರ, ವೆಲ್ಡಿಂಗ್ ಪಕ್ಕದಲ್ಲೇ, ಸಣ್ಣ ಕೆಂಗೆರೆ. ಮಳೆ ಬಂದ ಮೇಲೆ ಅದರಿಂದ ಕಂದು ನೀರು ಇಳಿದ ಗುರುತು. ಈ ಬರಹದಲ್ಲಿ ಬರುವ ಎಲ್ಲ ಲಕ್ಷಣಗಳಲ್ಲಿ ನಾನು ಅತಿ ಹೆಚ್ಚು ಭಯಪಡುವುದು ಇದಕ್ಕೇ. ಮೂಕಿ ಚಾಸಿಗೆ ಸೇರುವ ಜಾಗದಲ್ಲಿ ಪ್ರತಿ ಹಂಪ್‌ಗೂ ಕಬ್ಬಿಣ ಬಾಗಿ ಏಳುತ್ತದೆ. ಬಿರುಕು ಬಿಡುವುದೂ ಅಲ್ಲೇ. ನಾವು ಹಲಗೆ ಹೊಡೆದು ಮುಚ್ಚುವುದೂ ಅಲ್ಲೇ.

ಅದು ಬರೀ ಬಣ್ಣದ ಬಿರುಕೋ ಕಬ್ಬಿಣದ್ದೋ ಅಂತ ತಿಳಿಯಲು ಹಳೇ ಉಪಾಯ ಇದೆ. ಆ ಜಾಗದ ಬಣ್ಣವನ್ನು ಉಪ್ಪಿನ ಕಾಗದದಲ್ಲಿ ಉಜ್ಜಿ ಕಬ್ಬಿಣ ಕಾಣುವಂತೆ ಮಾಡಿ. ಡೀಸೆಲ್ ಸವರಿ ಹತ್ತು ಹದಿನೈದು ನಿಮಿಷ ಬಿಡಿ. ಬಟ್ಟೆಯಲ್ಲಿ ಒಣಗುವಂತೆ ಚೆನ್ನಾಗಿ ಒರೆಸಿ. ಮೇಲೆ ಸೀಮೆಸುಣ್ಣದ ಪುಡಿ ತೆಳ್ಳಗೆ ಹಚ್ಚಿ. ಬಿರುಕಿದ್ದರೆ ಅದರೊಳಗೆ ಉಳಿದ ಡೀಸೆಲ್ ಮೆಲ್ಲಗೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಗೆರೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅನ್ನುವುದೂ ಸ್ಪಷ್ಟವಾಗಿ ಕಾಣುತ್ತದೆ. ಹತ್ತಿರ ಬೀಡಿ, ಬೆಂಕಿ, ವೆಲ್ಡಿಂಗ್ ಯಾವುದೂ ಇರಬಾರದು.

ಗೆರೆ ಮೂಡಿತು ಅಂದರೆ ಗಾಡಿ ಅಲ್ಲೇ ನಿಲ್ಲಬೇಕು. ಕೂಟ ನಾಳೆ ಇದ್ದರೂ ಸರಿ, ಸಾಮಾನನ್ನು ಬಾಡಿಗೆ ಟೆಂಪೋದಲ್ಲಿ ಕಳಿಸಿ. ಬಿರುಕಿನ ಮೇಲೆ ಸುಮ್ನೆ ಒಂದು ಸಾಲು ವೆಲ್ಡ್ ಎಳೆಸಿದರೆ ಅದು ಮತ್ತೆ ಪಕ್ಕದಲ್ಲೇ ಸೀಳುತ್ತದೆ. ಬಲ್ಲ ವೆಲ್ಡರ್ ಬಿರುಕಿನ ತುದಿಯಲ್ಲಿ ತೂತು ಹೊಡೆದು ಅದು ಮುಂದೆ ಓಡದಂತೆ ತಡೆಯುತ್ತಾನೆ, ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು ತುಂಬುತ್ತಾನೆ, ಆಮೇಲೆ ಮೂಲೆಗೆ ಪಟ್ಟಿ ಕೊಡುತ್ತಾನೆ. ಬಿರುಕು ಪೈಪಿನ ಅರ್ಧ ಸುತ್ತು ಬಂದಿದ್ದರೆ ಮೂಕಿಯನ್ನೇ ಹೊಸದು ಮಾಡಿಸಿ. ಜಿಐ ಪೈಪ್ ಬಳಸಿದ್ದರೆ ವೆಲ್ಡ್ ಮಾಡುವ ಮುಂಚೆ ಸತುವಿನ ಲೇಪ ತೆಗೆಸಿ, ಬಯಲಲ್ಲೇ ಕೆಲಸ ಮಾಡಿಸಿ. ಆ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ.

ಹಿಂದಿನ ದೀಪಗಳು ಹುಚ್ಚುಹುಚ್ಚಾಗಿ ಉರಿಯುತ್ತವೆ

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ. ಎಡಕ್ಕೆ ಹಾಕಿದರೆ ಎರಡೂ ಕಡೆ ಮಂದವಾಗಿ ಮಿಣುಕುತ್ತದೆ. ಇಂಥ ಬೆರಕೆ ಕಂಡರೆ ಬಲ್ಬ್ ಬದಲಿಸುತ್ತಾ ಕೂರಬೇಡಿ. ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿಯಿಲ್ಲ.

ನಮ್ಮ ಗಾಡಿಗಳಿಗೆ ಇದು ಬರಲು ಕಾರಣವಿದೆ. ಗುಜರಿಯಲ್ಲಿ ಸಿಗುವ ಎಷ್ಟೋ ದೀಪಗಳಿಗೆ ಅರ್ತ್ ವೈರೇ ಇರುವುದಿಲ್ಲ, ತಗಡಿನ ಬಾಡಿಯ ಮೂಲಕವೇ ಕರೆಂಟ್ ವಾಪಸ್ ಹೋಗುತ್ತದೆ. ಅದನ್ನು ಮರದ ಹಲಗೆಗೆ ಕೂರಿಸಿದರೆ ವಾಪಸ್ ಹೋಗಲು ದಾರಿಯೇ ಇಲ್ಲ. ಆಗ ಕರೆಂಟ್ ಬೇರೆ ಬಲ್ಬಿನ ಮೂಲಕ ನುಸುಳುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಟೋ ಬಾಲ್ ಮೂಲಕವೇ ಅರ್ತ್ ಆಗುತ್ತಿರುತ್ತದೆ. ನಿಂತಾಗ ಉರಿಯುವ ದೀಪ ಗುಂಡಿ ಹಾರಿದಾಗ ಆರುವುದು ಅದಕ್ಕೇ.

ಪರೀಕ್ಷೆಗೆ ಒಂದು ಉದ್ದ ವೈರ್ ಸಾಕು. ಒಂದು ತುದಿ ಕಾರಿನ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ತುದಿ ದೀಪದ ಲೋಹದ ಭಾಗಕ್ಕೆ. ಎಲ್ಲ ದೀಪ ಸರಿಯಾಗಿ ಉರಿದರೆ ರೋಗ ಸಿಕ್ಕಿತು. ಪ್ರತಿ ದೀಪಕ್ಕೂ ಬೇರೆ ಅರ್ತ್ ವೈರ್ ಎಳೆದು, ಏಳು ಪಿನ್ನಿನ ಪ್ಲಗ್‌ನ ಅರ್ತ್ ಪಿನ್‌ಗೆ ಸೇರಿಸಿ. ರೂಢಿಯ ಏಳು ಪಿನ್ ಜೋಡಣೆಯಲ್ಲಿ 3ನೇ ಪಿನ್, ಬಿಳಿ ವೈರ್, ಅರ್ತ್. ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕಂದು ಬಲ ಹಿಂದೀಪ, ಕಪ್ಪು ಎಡ ಹಿಂದೀಪ. ಕಾರಿಗೆ ಸಾಕೆಟ್ ಹಾಕಿದವರು ಇದನ್ನೇ ಪಾಲಿಸಿರುತ್ತಾರೆ ಅಂತ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದಾಗಿ ನೋಡಿ. ಎಸ್.ಪಿ. ರಸ್ತೆಯಲ್ಲಿ ಪ್ಲಗ್, ಏಳು ಎಳೆ ಕೇಬಲ್, ಟೆಸ್ಟ್ ಲ್ಯಾಂಪ್ ಎಲ್ಲ ಒಂದೇ ಓಡಾಟದಲ್ಲಿ ಸಿಗುತ್ತವೆ.

ಇಂಡಿಕೇಟರ್ ಬೇಗ ಬೇಗ ಮಿಣುಕಿದರೆ ಒಂದು ಬಲ್ಬ್ ಹೋಗಿದೆ, ಅಥವಾ ಎಲ್‌ಇಡಿ ಹಾಕಿದ್ದರಿಂದ ಫ್ಲಾಶರ್‌ಗೆ (ದೀಪ ಮಿಣುಕಿಸುವ ಭಾಗಕ್ಕೆ) ಲೋಡ್ ಸಾಲುತ್ತಿಲ್ಲ. ಫ್ಯೂಸ್ ಮತ್ತೆ ಮತ್ತೆ ಹೋದರೆ ವೈರ್ ಎಲ್ಲೋ ಮೊಳೆಗೆ, ಚಾಸಿಯ ಅಂಚಿಗೆ ಸಿಕ್ಕಿಕೊಂಡಿದೆ. ದೊಡ್ಡ ಫ್ಯೂಸ್ ಹಾಕಿ ಮುಂದೆ ಹೋಗಬೇಡಿ. ಒಣ ಮರ, ಕ್ಯಾನ್ವಾಸ್, ಹತ್ತಿ ಬಟ್ಟೆ ತುಂಬಿದ ಗಾಡಿ ಅದು. ಹೊರಡುವಾಗ ಕ್ಯಾನ್ವಾಸಿನ ಅಂಚು ದೀಪದ ಮೇಲೆ ಇಳಿದಿದೆಯಾ ಅಂತಲೂ ನೋಡಿ.

ಬೆಳಿಗ್ಗೆ ಎದ್ದರೆ ಒಳಗೆಲ್ಲ ಒದ್ದೆ

ರಾತ್ರಿ ಮಳೆ ಬಂದಿತ್ತಾ? ಮೊದಲ ಪ್ರಶ್ನೆ ಇದೇ. ಮಳೆ ಇಲ್ಲದೆ ಒದ್ದೆಯಾಗಿದ್ದರೆ ಸೋರಿಕೆ ಅಲ್ಲ. ಇಬ್ಬರು ಮಲಗಿ ಬಿಟ್ಟ ಉಸಿರಿನ ತೇವ ತಣ್ಣನೆಯ ಕಮಾನಿಗೆ ತಾಗಿ ನೀರಾಗಿದೆ. ಡಿಸೆಂಬರ್‌ನಲ್ಲಿ ಸಾವನದುರ್ಗದ ತಪ್ಪಲಿನ ತೋಟದಲ್ಲಿ, ನಂದಿಯ ಸುತ್ತಮುತ್ತ ತಂಗಿದರೆ ಇದು ಸಹಜ. ಎದುರುಬದುರು ಎರಡು ಕಿಂಡಿ, ಒಂದು ಕೆಳಗೆ ಒಂದು ಮೇಲೆ, ರಾತ್ರಿಯಿಡೀ ತೆರೆದಿರಲಿ.

ಚಳಿ ಅಂತ ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಡಬಾರದು. ಹೊಗೆ ನಿಂತ ಕೆಂಡವೂ ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಕಿಂಡಿ ತೆರೆದಿದೆ ಅನ್ನುವ ಧೈರ್ಯವೂ ಸಾಲದು. ತಲೆನೋವು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು ಕಂಡರೆ ಎಲ್ಲರನ್ನೂ ತಕ್ಷಣ ಹೊರಗೆ ಕರೆತಂದು 108ಕ್ಕೆ ಫೋನ್ ಮಾಡಿ.

ಮಳೆಯಿಂದಲೇ ಒದ್ದೆಯಾದರೆ, ಕ್ಯಾನ್ವಾಸ್ ಹೊಸದಾ ಕೇಳಿಕೊಳ್ಳಿ. ಹೊಸ ಹತ್ತಿ ಕ್ಯಾನ್ವಾಸ್ ಮೊದಲ ಮಳೆಗೆ ಸೋರುತ್ತದೆ. ಒಂದೆರಡು ಸಲ ಪೂರ್ತಿ ನೆನೆಸಿ ಪೂರ್ತಿ ಒಣಗಿಸಿದರೆ ನೂಲು ಉಬ್ಬಿ ಸಂದು ಮುಚ್ಚುತ್ತದೆ. ಮಳೆ ಬರುವಾಗ ಒಳಗಿನಿಂದ ಬೆರಳು, ಹಾಸಿಗೆ, ಪೆಟ್ಟಿಗೆ ತಾಗಬಾರದು, ತಾಗಿದ ಕಡೆಯೇ ನೀರು ಇಳಿಯುತ್ತದೆ. ಹೊಲಿಗೆಗೆ ಜೇನುಮೇಣ ಉಜ್ಜಿ.

ಜಾಗ ಸಿಗದಿದ್ದರೆ ಒಳಗಿನ ಹಲಗೆಗೆ ಸೀಮೆಸುಣ್ಣದ ಪುಡಿ ಸವರಿ. ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ, ಆದರೆ ಕೆಳಗಿನಿಂದ ಶುರು ಮಾಡಿ ಐದೈದು ನಿಮಿಷಕ್ಕೆ ಒಂದೊಂದಡಿ ಮೇಲೇರಿ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಪುಡಿಯಲ್ಲಿ ಮೊದಲ ಗೆರೆ ಬಿದ್ದ ಎತ್ತರವೇ ತೂತಿನ ಎತ್ತರ.

ನೆಲದ ಪ್ಲೈವುಡ್ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಪದರ ಬಿಟ್ಟಿದೆ. ಹಲಗೆಯ ಮುದ್ರೆ ನೋಡಿ: ಐಎಸ್ 710 ಇದ್ದರೆ ಮರೀನ್ ಪ್ಲೈ, ನೀರು ತಡೆಯುತ್ತದೆ. ಐಎಸ್ 303ರ ಎಂಆರ್ ದರ್ಜೆ ಆದರೆ ಅದು ಮನೆಯೊಳಗಿನ ಬೀರುವಿಗೆ ಸರಿ, ರಸ್ತೆಯ ನೀರು ಎರಚುವ ಗಾಡಿಯ ತಳಕ್ಕೆ ಅಲ್ಲ. ಮರೀನ್ ಪ್ಲೈ ಆದರೂ ಕತ್ತರಿಸಿದ ಅಂಚಿಗೆ, ಸ್ಕ್ರೂ ತೂತಿಗೆ ಎಪಾಕ್ಸಿ ಅಥವಾ ಬಣ್ಣ ಕುಡಿಸಲೇಬೇಕು.

ಒಳಗಿನ ದೀಪ ರಾತ್ರಿ ಅರ್ಧಕ್ಕೆ ಆರುತ್ತದೆ

ಮರದ ಪೆಟ್ಟಿಗೆಯಲ್ಲಿ ಅಡಗಿಸಿಟ್ಟ 12 ವೋಲ್ಟ್ ಬ್ಯಾಟರಿಯನ್ನು, ಚಾರ್ಜರ್ ತೆಗೆದು ಒಂದೆರಡು ಗಂಟೆ ಬಿಟ್ಟು, ಮೀಟರ್‌ನಲ್ಲಿ ನೋಡಿ. 12.6 ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಖಾಲಿಯ ಹತ್ತಿರ. ರಾತ್ರಿಯಿಡೀ ಚಾರ್ಜ್ ಮಾಡಿದರೂ 12.2 ದಾಟದಿದ್ದರೆ ಬ್ಯಾಟರಿ ಮುಗಿದಿದೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆದು, ಮಲಗುವ ಜಾಗದಿಂದ ಹೊರಗಿಟ್ಟು ಚಾರ್ಜ್ ಮಾಡಿ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಇರಲಿ.

ಬಾಗಿಲು ಬಿಗಿಯಾಗಿದೆ, ಹಲಗೆ ಕಿರುಗುಟ್ಟುತ್ತದೆ

ಸಮತಟ್ಟಾದ ಜಾಗದಲ್ಲಿ ಸಲೀಸಾಗಿ ತೆರೆಯುವ ಬಾಗಿಲು ಹೊಲದ ಉಬ್ಬುತಗ್ಗಿನಲ್ಲಿ ಮಾತ್ರ ಸಿಕ್ಕಿಕೊಂಡರೆ ಚಾಸಿ ತಿರುಚಿಕೊಳ್ಳುತ್ತಿದೆ. ಎರಡೂ ಜಾಗದಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಅಳೆದು ನೋಡಿ. ಅಳತೆ ಬದಲಾದರೆ ಚಾಸಿಗೆ ಅಡ್ಡ ಪಟ್ಟಿ ಬೇಕು. ಅಲ್ಲಿಯ ತನಕ ಗಾಡಿ ನಿಲ್ಲಿಸಿದ ಮೇಲೆ ನಾಲ್ಕು ಮೂಲೆಗೂ ಊರೆ ಕೊಟ್ಟು ಮಟ್ಟ ಮಾಡಿ, ಆಮೇಲೆ ಒಳಗೆ ಹೋಗಿ.

ಎಲ್ಲಿ ನಿಲ್ಲಿಸಿದರೂ ಬಿಗಿಯಾಗಿದ್ದರೆ ಮರ ತೇವ ಹೀರಿ ಉಬ್ಬಿದೆ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಹೀಗಿರುತ್ತದೆ, ಫೆಬ್ರವರಿ ಮಾರ್ಚ್‌ಗೆ ಅದೇ ಬಾಗಿಲು ಸಡಿಲವಾಗುತ್ತದೆ. ಮಳೆಗಾಲದಲ್ಲಿ ಬಡಗಿಯನ್ನು ಕರೆಸಿ ಕೀಸಿಸಬೇಡಿ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಸದ್ಯಕ್ಕೆ ಅಂಚಿಗೆ ಮೇಣ ಉಜ್ಜಿ ನಡೆಸಿ. ಮಾರ್ಚ್‌ನಲ್ಲಿ ಮರ ಪೂರ್ತಿ ಒಣಗಿದಾಗ ಬಾಗಿಲು ಕಳಚಿ, ಕೆಳ ಅಂಚೂ ಸೇರಿ ಆರೂ ಮುಖಕ್ಕೆ ಎಣ್ಣೆ ಅಥವಾ ವಾರ್ನಿಶ್ ಹಚ್ಚಿ, ಮತ್ತೆ ಕೂರಿಸಿ.